ಹಿಂದಿನ ದನಿ ಮುಗಿಯುವವರೆಗೆ

ಜೇವರ್ಗಿ

ನಾನು ಪರದೇಶಕ್ಕೆ ಹೋದದ್ದು ಸಿಟ್ಟಿನಿಂದ. ಮುನಿಸಿಕೊಂಡ ಹೆಂಗಸರು ತವರಿಗೆ ಹೋಗುತ್ತಾರೆ, ತವರಿಲ್ಲದವರು ಅಟ್ಟ ಹತ್ತಿ ಕೂಡುತ್ತಾರೆ. ನಾನು ನಮ್ಮ ಚರ್ಚಿನ ಮೇಲೆ ಮುನಿಸಿಕೊಂಡು ಸ್ಕಾಟ್ಲೆಂಡಿನ ಪಶ್ಚಿಮದ ಕಡಲಲ್ಲಿರುವ ಲೂಯಿಸ್ ಎಂಬ ದ್ವೀಪಕ್ಕೆ ಹೋಗಿ ಕುಳಿತೆ.

ಸಿಟ್ಟಿನ ಕಾರಣ ಮೊದಲು ಹೇಳಿಬಿಡುತ್ತೇನೆ. ನಿವೃತ್ತಿಯಾಗುವವರೆಗೆ ನಾನು ಜೇವರ್ಗಿಯ ಕೋರ್ಟಿನಲ್ಲಿ ಟೈಪಿಸ್ಟ್ ಆಗಿದ್ದೆ. ವಾರವೆಲ್ಲ ಬೇರೆಯವರು ಹೇಳಿದ್ದನ್ನು ನಾನು ಬಡಿಯುತ್ತಿದ್ದೆ. ಭಾನುವಾರ ಮಾತ್ರ ನಾನು ಹೇಳಿದ್ದನ್ನು ಬೇರೆಯವರು ಹಾಡುತ್ತಿದ್ದರು. ನಮ್ಮ ಚರ್ಚಿನಲ್ಲಿ ಅದಕ್ಕೆ ‘ಮುಂದ ಹೇಳೋದು’ ಎನ್ನುತ್ತಾರೆ. ಒಬ್ಬರು ಹಾಡಿನ ಒಂದು ಸಾಲು ಹೇಳಬೇಕು, ಜಮಖಾನಿಯ ಮೇಲಿನ ಮಂದಿಯೆಲ್ಲ ಎದ್ದು ನಿಂತು ಅದನ್ನೇ ಎತ್ತಿ ಹಾಡಬೇಕು, ಆಮೇಲೆ ಮುಂದಿನ ಸಾಲು. ಓದಲು ಬಾರದವರೇ ಹೆಚ್ಚಿದ್ದ ಕಾಲದ ಪದ್ಧತಿ. ಆಳಂದದ ಕಡೆ, ಕಡಗಂಚಿಗೆ ಹತ್ತಿರದ ನನ್ನ ತವರೂರಿನಲ್ಲಿ ನನ್ನವ್ವ ಮುಂದೆ ಹೇಳುತ್ತಿದ್ದಳು. ಪಕ್ಕದ ಮಠದಲ್ಲಿ ಸೋಮವಾರ ಸೋಮವಾರ ವಚನಗಳನ್ನೂ ಹೀಗೆಯೇ ಹೇಳಿ ಹಾಡಿಸುತ್ತಿದ್ದರು. ಧಾಟಿಗಳು ಗೋಡೆ ಹಾರಿ ಅತ್ತಿಂದಿತ್ತ ಓಡಾಡುತ್ತಿದ್ದವು, ಯಾರೂ ತಡೆಯುತ್ತಿರಲಿಲ್ಲ. ಅವ್ವನಿಂದ ಆ ಕೆಲಸ ನನಗೆ ಬಂತು.

ಹೋದ ವರ್ಷ ಚರ್ಚಿಗೆ ಕೀಬೋರ್ಡ್ ಬಂತು, ಗೋಡೆಯ ಮೇಲೆ ಹಾಡಿನ ಅಕ್ಷರ ಮೂಡಿಸುವ ಯಂತ್ರ ಬಂತು, ಎರಡು ದೊಡ್ಡ ಸ್ಪೀಕರ್ ಬಂದವು. ನಮ್ಮದು ಒಂದೇ ಕೋಣೆಯ ಚರ್ಚು. ಮೂಗಿಗಿಂತ ಮೂಗುತಿ ಭಾರ ಎಂದು ನಾನು ಗೊಣಗಿದೆ. ಕೀಬೋರ್ಡ್ ನುಡಿಸುವವನು, ಗುಂಡಿ ಒತ್ತಿ ಗೋಡೆಯ ಅಕ್ಷರ ಬದಲಿಸುವವನು ವಿಜಯ, ಡಿಪ್ಲೊಮಾ ಕಾಲೇಜಿನಲ್ಲಿ ಪಾಠ ಹೇಳುವವನು. ಕೆಟ್ಟವನಲ್ಲ. ಸಭೆ ಕೂಡಿದಾಗ ಎದ್ದು ನಿಂತು ಕೈ ಮುಗಿದೇ ಹೇಳಿದ:

“ಕಮಲಕ್ಕಾರ, ಈಗ ಎಲ್ಲಾರಿಗೂ ಓದಾಕ ಬರ್ತದ್ರಿ. ಒಂದೊಂದು ಸಾಲು ಎರಡೆರಡು ಸಲ ಹಾಡಿದ್ರ ಆರಾಧನಿ ಮುಗಿಯೋದು ಯಾವಾಗ್ರಿ? ಇನ್ನ ಮ್ಯಾಲ ಮುಂದ ಹೇಳೋದು ಬ್ಯಾಡ್ರಿ. ಬ್ಯಾಸರ ಮಾಡ್ಕೋಬ್ಯಾಡ್ರಿ ಮತ್ತ.”

ಬೇಸರ ಮಾಡಿಕೊಳ್ಳಬೇಡಿ ಎಂದವರ ಮೇಲೆಯೇ ಬೇಸರ ಹೆಚ್ಚಾಗುವುದು. ಪಾಸ್ಟರು ತಮ್ಮ ಕೈಗಡಿಯಾರ ನೋಡಿಕೊಂಡರು. ಮುಂದಿನ ಭಾನುವಾರದಿಂದ ನಾನು ಕೊನೆಯಲ್ಲಿ ಗೋಡೆಗೆ ಆತು ಕುಳಿತೆ, ಹಾಡಲಿಲ್ಲ. ಮೊದಲ ಸಾಲಿನಲ್ಲಿ ಎಂದಿನಂತೆ ಗುರುಬಾಯಿ ಕುಳಿತಿರುತ್ತಿದ್ದಳು. ಅಫಜಲಪುರದ ಕಡೆಯಿಂದ ಬಂದು ಮಗಳ ಮನೆಯಲ್ಲಿ ನೆಲೆಸಿದ ಮುದುಕಿ. ಎಲ್ಲರ ದನಿ ನಿಂತ ಮೇಲೂ ಅವಳದೊಂದು ಎಳೆ ಉಳಿದಿರುತ್ತಿತ್ತು. “ಗುರುಬಾಯಿ ಗಾಡಿ ಲೇಟು” ಎಂದು ನಾವೆಲ್ಲ ನಗುತ್ತಿದ್ದೆವು. ಆಗ ನನಗೆ ನನ್ನದೇ ನೋವು ದೊಡ್ಡದಾಗಿತ್ತು, ಬೇರೆ ಯಾರೂ ಕಾಣುತ್ತಿರಲಿಲ್ಲ.

ಇನ್ನು ಈ ಚರ್ಚಿಗೆ ಕಾಲಿಡುವುದಿಲ್ಲ, ಕಲಬುರಗಿಗೆ ಹೋಗಿ ಯಾವುದಾದರೂ ದೊಡ್ಡ ಚರ್ಚಿನಲ್ಲಿ ಹೆಸರು ಬರೆಸುತ್ತೇನೆ ಎಂದು ಗಂಡನಿಗೆ ಹೇಳಿದೆ. ಹವಳಗಾದ ಸಕ್ಕರೆ ಕಾರ್ಖಾನೆಯಲ್ಲಿ ದುಡಿದ ಮನುಷ್ಯ. ರಸ ಕುದಿದು ಗಟ್ಟಿಯಾಗುವವರೆಗೆ ಕಾಯುವುದು ಗೊತ್ತು.

“ಸುನೀತಾ ಕರಿಯಾಕತ್ತಾಳಲ್ಲ, ಮೊದಲ ಅಲ್ಲಿಗಿ ಹೋಗಿ ಬಾ. ಬಂದ ಮ್ಯಾಲ ಹೆಸರ ಬರಸಾಕ ಬರ್ತದ” ಎಂದರು.

ಸುನೀತಾ ನನ್ನ ಅಕ್ಕನ ಮಗಳು. ಆ ದ್ವೀಪದ ಆಸ್ಪತ್ರೆಯಲ್ಲಿ ನರ್ಸ್.

ಹಡಗು

ದ್ವೀಪಕ್ಕೆ ಹಡಗಿನಲ್ಲಿ ಹೋಗಬೇಕು. ನಾನು ಅದುವರೆಗೆ ದಾಟಿದ ನೀರೆಂದರೆ ಭೀಮೆಯದು, ಅದೂ ಸೇತುವೆಯ ಮೇಲಿಂದ ಬಸ್ಸಿನಲ್ಲಿ ಕುಳಿತು. ಹಡಗು ಹೊರಟ ಸ್ವಲ್ಪ ಹೊತ್ತಿಗೆ ನನ್ನ ಹೊಟ್ಟೆ ಬೇರೆ ದಿಕ್ಕಿಗೆ ಹೊರಟಿತು. ಕರೆದುಕೊಂಡು ಹೋಗಲು ಬಂದಿದ್ದ ಸುನೀತಾ ಬೆನ್ನು ಸವರುತ್ತ ನಗುತ್ತಿದ್ದಳು.

“ಮೌಶಿ, ಖಡಕ್ ರೊಟ್ಟಿ ಒಂದು ಚೂರು ತಿನ್ನು. ಇಲ್ಲಿ ಮಂದಿ ಒಣ ಬಿಸ್ಕೀಟ್ ತಿಂತಾರ.”

ರೊಟ್ಟಿ ಮುರಿದ ಸದ್ದಿಗೆ ಎದುರಿನ ಬೆಂಚಿನ ಕೆಳಗಿದ್ದ ನಾಯಿ ತಲೆ ಎತ್ತಿತು. ಅಲ್ಲಿ ನಾಯಿಗಳೂ ಪ್ರಯಾಣಿಕರೇ. ಅದರ ಒಡತಿ ಅಪ್ಪಣೆ ಕೇಳುವಂತೆ ನನ್ನನ್ನು ನೋಡಿದಳು, ನಾನು ಒಂದು ಚೂರು ಹಾಕಿದೆ. ಜೋಳದ ರೊಟ್ಟಿ ತಿಂದ ನಾಯಿ ನನ್ನ ಕಾಲ ಮೇಲೆಯೇ ಮಲಗಿತು. ಬೆಚ್ಚಗಿತ್ತು. ಹೊಟ್ಟೆಯೂ ಸುಮ್ಮನಾಯಿತು.

ದ್ವೀಪ ಕಂಡಾಗ ಮೊದಲು ಅನಿಸಿದ್ದು, ಇಲ್ಲಿ ಮರಗಳೇ ಇಲ್ಲವಲ್ಲ ಎಂದು. ಕಣ್ಣು ಹಾಯುವಷ್ಟು ದೂರ ಬಯಲು, ಕಪ್ಪು ನೆಲ, ಮೇಲೆ ಆಕಾಶ. ಹಸಿ ಇಲ್ಲದಿದ್ದರೆ ನಮ್ಮ ಎರೆಹೊಲ ಎಂದೇ ಹೇಳಬಹುದಿತ್ತು. ಅಲ್ಲಿಯ ಜನ ಆ ಕಪ್ಪು ನೆಲವನ್ನೇ ಇಟ್ಟಿಗೆಯಂತೆ ಕತ್ತರಿಸಿ, ಒಣಗಿಸಿ, ಮನೆಯ ಪಕ್ಕ ಒಟ್ಟಿ, ಒಲೆಗೆ ಹಾಕಿ ಉರಿಸುತ್ತಾರೆ. ನಮ್ಮ ಸಗಣಿ ಕುಳ್ಳಿನ ಬಣವೆಯಂತೆಯೇ ಕಾಣುತ್ತದೆ; ವಾಸನೆಯೂ ಪರಕೀಯ ಅನಿಸಲಿಲ್ಲ.

ಬಟ್ಟೆಯ ಹಗ್ಗ

ಮೊದಲ ಭಾನುವಾರ ಸುನೀತಾಗೆ ಬೆಳಗಿನ ಪಾಳಿ. ನಾನೊಬ್ಬಳೇ. ಹೋದಾಗಿನಿಂದ ಜಿನುಗುತ್ತಿದ್ದ ಮಳೆ ನಿಂತು ಬಿಸಿಲು ಬಿದ್ದಿತ್ತು, ಒಳ್ಳೆಯ ಗಾಳಿ ಬೀಸುತ್ತಿತ್ತು. ಅಂಥ ಬಿಸಿಲನ್ನು ಹಾಳು ಮಾಡುವುದುಂಟೇ? ಬಟ್ಟೆ ಹಿಂಡಿ ಹಿತ್ತಲ ಹಗ್ಗಕ್ಕೆ ಹಾಕಿದೆ. ನನ್ನ ಹಸಿರು ಇಳಕಲ್ ಸೀರೆ ಗಾಳಿಗೆ ಹಾರಿ ಊರಿಗೆಲ್ಲ ಕಾಣುವಂತೆ ಪಟಪಟ ಹೊಡೆಯುತ್ತಿತ್ತು.

ಪಕ್ಕದ ಮನೆಯ ಮುದುಕ ಬೇಲಿಯ ಹತ್ತಿರ ಬಂದ. ಕಪ್ಪು ಸೂಟು, ಕಪ್ಪು ಟೈ, ಕೈಯಲ್ಲಿ ಬೈಬಲ್ಲು. ಹೆಸರು ಮರ್ಡೊ ಎಂದು ಹೇಳಿಕೊಂಡ.

“ಒಣಗಲು ಒಳ್ಳೆಯ ಗಾಳಿ” ಎಂದ.

ಹೌದೆಂದೆ.

“ನಾಳೆಯೂ ಇದೇ ಗಾಳಿ ಇರುತ್ತದೆ.”

ಸಂತೋಷ ಎಂದೆ. ಅವನು ಹೋಗಲಿಲ್ಲ. ಸೀರೆಯ ಕಡೆ ನೋಡದಿರಲು ಬಹಳ ಕಷ್ಟಪಡುತ್ತ ನಿಂತೇ ಇದ್ದ. ಆಗ ಸುತ್ತಲೂ ನೋಡಿದೆ. ಊರಿನ ಯಾವ ಹಿತ್ತಲ ಹಗ್ಗದ ಮೇಲೂ ಒಂದು ಕರ್ಚೀಫೂ ಇಲ್ಲ. ಅಂಗಡಿ ಮುಚ್ಚಿದೆ. ರಸ್ತೆಯಲ್ಲಿ ಗಾಡಿ ಇಲ್ಲ. ಭಾನುವಾರ ದೇವರ ದಿನ, ಅಂದು ಈ ಊರಿನವರು ಬಟ್ಟೆಯನ್ನೂ ಒಣಗಿಸುವುದಿಲ್ಲ.

ನನ್ನ ಇಂಗ್ಲಿಷ್ ಎಲ್ಲ ಕೋರ್ಟಿನದು. ಗಾಬರಿಯಲ್ಲಿ ಬೇರೆ ಮಾತು ಬರಲಿಲ್ಲ. ಸದರಿ ಬಟ್ಟೆಗಳು ನನ್ನವೇ ಎಂದು ಈ ಮೂಲಕ ಒಪ್ಪಿಕೊಳ್ಳುತ್ತೇನೆ, ಮುಂದೆ ಹೀಗಾಗುವುದಿಲ್ಲ ಎಂದು ಅಫಿಡವಿಟ್ ಕೊಡುವವಳಂತೆ ಹೇಳಿಬಿಟ್ಟೆ. ಮುದುಕನ ಬಾಯಿಯ ಒಂದು ತುದಿ ಮಾತ್ರ ನಕ್ಕಿತು. ಸೀರೆ ಎಳೆದೆ, ಗಾಳಿಗೆ ಸೆರಗು ಬೇಲಿ ದಾಟಿ ಅವನ ಕಡೆ ಹೋಯಿತು. ಅವನು ಬೈಬಲ್ಲನ್ನು ಕಂಕುಳಿಗೆ ಇರುಕಿಕೊಂಡು ಸೆರಗಿನ ತುದಿ ಹಿಡಿದ, ನೆಲಕ್ಕೆ ತಾಗಗೊಡಲಿಲ್ಲ. ಇಬ್ಬರೂ ಸೇರಿ ಒದ್ದೆ ಸೀರೆ ಮಡಚಿದೆವು.

“ಮಧ್ಯಾಹ್ನ ಆರಾಧನೆ ಇದೆ. ನಮ್ಮ ಹಳೆಯ ಭಾಷೆಯಲ್ಲಿ. ನಿಮಗೆ ಒಂದು ಮಾತೂ ತಿಳಿಯುವುದಿಲ್ಲ” ಎಂದ. ಕರೆದನೋ ಎಚ್ಚರಿಸಿದನೋ ಗೊತ್ತಾಗಲಿಲ್ಲ. ನಾನು ಹೋದೆ.

ಕಲ್ಲಿನ ಚರ್ಚು

ಬಾಗಿಲಲ್ಲಿ ಚಪ್ಪಲಿ ಬಿಟ್ಟೆ. ಬೇರೆ ಯಾರೂ ಬಿಟ್ಟಿರಲಿಲ್ಲ. ಒಂಟಿ ಜೋಡು ಅಲ್ಲಿ ಅನಾಥವಾಗಿ ಕಂಡಿತು, ಆದರೂ ಮತ್ತೆ ಮೆಟ್ಟಿಕೊಳ್ಳಲು ಮನಸ್ಸಾಗಲಿಲ್ಲ. ಒಳಗೆ ಶಿಲುಬೆ ಇಲ್ಲ, ಚಿತ್ರವಿಲ್ಲ, ಹೂವಿಲ್ಲ, ಯಾವ ವಾದ್ಯವೂ ಇಲ್ಲ. ಬೋಳು ಗೋಡೆ, ಕಟ್ಟಿಗೆಯ ಬೆಂಚು, ಅಲ್ಲೊಬ್ಬರು ಇಲ್ಲೊಬ್ಬರು ಮುದುಕ ಮುದುಕಿಯರು. ಹೆಂಗಸರು ತಲೆಗೆ ಟೋಪಿ ಹಾಕಿದ್ದರು, ನಾನು ಸೆರಗು ಹೊದ್ದಿದ್ದೆ. ಅದೊಂದರಲ್ಲಿ ನಮ್ಮದು ಹೊಂದಿತು. ಮಿಕ್ಕದ್ದೆಲ್ಲ ತಲೆಕೆಳಗು. ನಾವು ಹಾಡಲು ಏಳುತ್ತೇವೆ, ಪ್ರಾರ್ಥನೆಗೆ ಕೂಡುತ್ತೇವೆ. ಅವರು ಪ್ರಾರ್ಥನೆಗೆ ಎದ್ದು ನಿಂತು ಹಾಡಲು ಕುಳಿತರು. ನಾನು ಎರಡು ಸಲ ತಪ್ಪು ಹೊತ್ತಿಗೆ ಎದ್ದೆ. ಬೋಧನೆ ಶುರುವಾಗುವ ಮೊದಲೇ ಪಕ್ಕದ ಮುದುಕಿ ಬೆಂಚಿನ ಮೇಲೆ ಒಂದು ಪೆಪ್ಪರಮಿಂಟು ನನ್ನತ್ತ ಸರಿಸಿದಳು. ಬೋಧನೆ ಎಷ್ಟು ಉದ್ದ ಎಂಬುದು ಅದರಿಂದಲೇ ತಿಳಿಯಿತು.

ಆದರೆ ನಾನು ಬರೆಯಹೊರಟದ್ದು ಹಾಡಿನ ಬಗ್ಗೆ. ಪೀಠದ ಕೆಳಗಿನ ಕುರ್ಚಿಯಲ್ಲಿ ಮರ್ಡೊ ಕುಳಿತಿದ್ದ. ಗಂಟಲು ಸರಿಮಾಡಿಕೊಂಡು ಒಂದು ಸಾಲು ಹೇಳಿದ. ಹೇಳಿದನೆಂದರೆ ಅರ್ಧ ಮಾತು, ಅರ್ಧ ರಾಗ. ತಕ್ಷಣ ಕುಳಿತವರೆಲ್ಲ ಅದೇ ಸಾಲನ್ನು ಎತ್ತಿಕೊಂಡರು.

ಇದು ಮುಂದೆ ಹೇಳುವುದೇ! ನನ್ನವ್ವನ ಕೆಲಸ, ನನ್ನಿಂದ ಕಸಿದುಕೊಂಡ ಕೆಲಸ, ಏಳು ಸಮುದ್ರದಾಚೆ, ಕಪ್ಪು ಟೈ ಕಟ್ಟಿದ ಮುದುಕನ ಬಾಯಲ್ಲಿ.

ಅವರ ಹಾಡುವಿಕೆ ಮಾತ್ರ ನಮ್ಮಂತಲ್ಲ. ಮೊದಲಿಗೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನಿಸಿತು. ಒಬ್ಬಳು ಸ್ವರವನ್ನು ಮೇಲಕ್ಕೆ ಹೊರಳಿಸುತ್ತಾಳೆ, ಇನ್ನೊಬ್ಬ ಅಲ್ಲೇ ನಿಂತಿರುತ್ತಾನೆ, ಮತ್ತೊಬ್ಬಳು ಹಿಂದೆ ಉಳಿದು ನಿಧಾನ ಬರುತ್ತಾಳೆ. ಯಾರಿಗೂ ಅವಸರವಿಲ್ಲ. ಕೇಳುತ್ತ ಕೇಳುತ್ತ ತಿಳಿಯಿತು: ಎಲ್ಲರೂ ಅದೇ ಸಾಲಿನಲ್ಲಿದ್ದಾರೆ, ತಮ್ಮ ತಮ್ಮ ನಡಿಗೆಯಲ್ಲಿ. ಕೊನೆಯ ದನಿ ಇಳಿಯುತ್ತಿರುವಾಗ ಮರ್ಡೊ ಮುಂದಿನ ಸಾಲು ಎತ್ತುತ್ತಿದ್ದ. ಒಂದಕ್ಷರವೂ ತಿಳಿಯದ ಆ ಹಾಡಿಗೆ ನಾನು ಅತ್ತೆ. ಪೆಪ್ಪರಮಿಂಟು ಬಾಯಲ್ಲಿಟ್ಟುಕೊಂಡು ಅಳುವುದು ಸುಲಭವಲ್ಲ.

ಮರ್ಡೊನ ಅಡಿಗೆಮನೆ

ಸೋಮವಾರ ಬಟ್ಟೆ ಒಣಹಾಕಿ ಸೀದಾ ಅವನ ಮನೆಗೆ ಹೋದೆ. ಮರ್ಡೊ ಒಬ್ಬನೇ ಇದ್ದ. ದುಡಿಯುವ ಕಾಲದಲ್ಲಿ ಶಾಲೆಯ ಬಸ್ಸು ಓಡಿಸುತ್ತಿದ್ದನಂತೆ. ಕಪ್ಪು ಮಣ್ಣಿನ ಇಟ್ಟಿಗೆಯ ಒಲೆಯ ಮುಂದೆ ಕೂಡಿಸಿ ಚಹಾ ಕೊಟ್ಟ. ನಾನು ನನ್ನ ಕೇಸನ್ನೆಲ್ಲ ಮಂಡಿಸಿದೆ: ಅವ್ವ, ಜಮಖಾನಿ, ಕೀಬೋರ್ಡ್, ಗೋಡೆಯ ಮೇಲಿನ ಅಕ್ಷರ, ವಿಜಯ ಕೈ ಮುಗಿದದ್ದು. ತೀರ್ಪು ನನ್ನ ಕಡೆಗೇ ಆಗುತ್ತದೆ ಎಂಬ ಭರವಸೆಯಿತ್ತು. ಇದೇ ಕೆಲಸದ ಮನುಷ್ಯ, ಇವನಲ್ಲದೆ ಇನ್ನಾರು ನನ್ನ ಪರ?

ಮರ್ಡೊ ಒಲೆಗೆ ಇನ್ನೊಂದು ಇಟ್ಟಿಗೆ ಹಾಕಿದ.

“ಇಲ್ಲಿಯೂ ಈಗ ಎಲ್ಲರಿಗೂ ಓದಲು ಬರುತ್ತದೆ” ಎಂದ. “ಬೆಳಗಿನ ಇಂಗ್ಲಿಷ್ ಆರಾಧನೆಗೆ ಜನ ತುಂಬಿರುತ್ತಾರೆ. ನನ್ನ ಮೊಮ್ಮಕ್ಕಳು ಅಲ್ಲಿಗೇ ಹೋಗುತ್ತಾರೆ. ಅವರ ಪ್ರಾರ್ಥನೆಯೂ ದೇವರಿಗೆ ಮುಟ್ಟುತ್ತದೆ, ನನಗೆ ಅನುಮಾನವಿಲ್ಲ.”

ನನಗೆ ಚಹಾ ಕಹಿಯಾಯಿತು. ಅವನೇ ಕೇಳಿದ: “ನಿಮ್ಮಲ್ಲಿ ಎಲ್ಲರಿಗಿಂತ ಹಿಂದೆ ಹಾಡುವವರು ಯಾರು?”

ಹಿಂದೆ ಎಂದರೆ ಹೇಗೆ ಎಂದು ಕೇಳಿದೆ.

“ನಮ್ಮಲ್ಲಿ ಪೆಗ್ಗಿ ಇದ್ದಳು. ಕಿವಿ ಮಂದ, ಉಸಿರು ಕಡಿಮೆ. ಅವಳು ಯಾವಾಗಲೂ ಹಿಂದೆ. ಅವಳ ದನಿ ಮುಗಿಯಿತೇ ಎಂದು ಕೇಳಿಸಿಕೊಂಡು ಮುಂದಿನ ಸಾಲು ಕೊಡುವುದೇ ನನ್ನ ಕೆಲಸವಾಗಿತ್ತು. ಬಸ್ಸಿನಲ್ಲೂ ಅಷ್ಟೇ, ಕೊನೆಯ ಮಗು ಕೂತದ್ದನ್ನು ಕನ್ನಡಿಯಲ್ಲಿ ನೋಡಿಯೇ ಗಾಡಿ ಬಿಡುವುದು. ಪೆಗ್ಗಿ ಸತ್ತ ಮೇಲಿನ ಭಾನುವಾರ ನನಗೆ ಯಾವಾಗ ಹೊರಡಬೇಕೆಂದು ತಿಳಿಯಲಿಲ್ಲ. ಬಾಯಿ ತೆರೆದು ಕುಳಿತುಬಿಟ್ಟೆ.”

ಆಗ ನನ್ನ ಕಿವಿಯಲ್ಲಿ ಒಂದು ದನಿ ಎದ್ದಿತು. ಎಲ್ಲರೂ ನಿಲ್ಲಿಸಿದ ಮೇಲೆ ಉಳಿದಿರುವ ಒಂದು ಎಳೆ. ಅಷ್ಟು ವರ್ಷ ನಾನೂ ಆ ಎಳೆ ಮುಗಿದ ಮೇಲೆಯೇ ಮುಂದಿನ ಸಾಲು ಎತ್ತುತ್ತಿದ್ದೆ. ಹಾಗೆ ಮಾಡುತ್ತೇನೆಂದು ಒಂದು ದಿನವೂ ಅಂದುಕೊಂಡಿರಲಿಲ್ಲ. ಗುರುಬಾಯಿಗೆ ಓದಲು ಬರುವುದಿಲ್ಲ. ಎಲ್ಲರಿಗೂ ಓದಲು ಬರುತ್ತದೆ ಎಂದು ವಿಜಯ ಹೇಳಿದಾಗ ಅವಳು ಮುಂದೆಯೇ ಕುಳಿತಿದ್ದಳು. ನಾನೂ ಅಲ್ಲ ಅನ್ನಲಿಲ್ಲ.

ಮನೆಗೆ ಓಡಿ ಬಂದು ಜೇವರ್ಗಿಗೆ ಫೋನು ಹಚ್ಚಿದೆ.

“ಗುರುಬಾಯಿ ಹ್ಯಾಂಗ ಅದಾಳ್ರಿ?”

“ಅದಾಳ” ಎಂದರು ಗಂಡ. “ಚರ್ಚಿಗಿ ಬರ್ತಾಳ ಖರೇ, ಒಳಗ ಬರೋದು ಬಿಟ್ಟಾಳ. ಹೊರಗ ಚಪ್ಪಲಿ ಬಿಡೋ ಕಟ್ಟಿ ಮ್ಯಾಲ ಕೂಡ್ತಾಳ.”

“ಯಾಕಂತ್ರಿ?”

“ನಾನೂ ಕೇಳ್ದೆ. ‘ಗ್ವಾಡಿ ಮ್ಯಾಗಿನ ಅಕ್ಷರ ಎಲ್ಲಾರ ಸಂಗಾಟ ಮಾತಾಡ್ತಾವ, ನನ್ನ ಸಂಗಾಟ ಮಾತಾಡಂಗಿಲ್ಲ. ಒಳಗ ಕುಂತು ಏನ್ ಮಾಡ್ಲಿ?’ ಅಂದ್ಲು ಮುದುಕಿ.”

ಕಡಲಿನ ಗಾಳಿ ಕಿಟಕಿ ಬಡಿಯುತ್ತಿತ್ತು.

ಕೊನೆಯ ದಿನ

ಅಲ್ಲಿದ್ದಷ್ಟು ಭಾನುವಾರವೂ ಆ ಕಲ್ಲಿನ ಚರ್ಚಿಗೆ ಹೋದೆ. ಬೆಳಗಿನ ಇಂಗ್ಲಿಷ್ ಆರಾಧನೆಗೂ ಹೋದೆ. ಅಲ್ಲಿ ಎಲ್ಲರೂ ಒಟ್ಟಿಗೆ ಎತ್ತಿ ಒಟ್ಟಿಗೆ ನಿಲ್ಲಿಸುತ್ತಿದ್ದರು, ಚೆನ್ನಾಗಿಯೇ ಹಾಡುತ್ತಿದ್ದರು. ಪುಸ್ತಕ ಇರುವವರ ಆರಾಧನೆಯಲ್ಲಿ ದೇವರಿಲ್ಲ ಎನ್ನಲು ನನ್ನಿಂದಾಗದು. ಅರ್ಥವಿರುವ ಆರಾಧನೆ ಯಾವುದು ಎಂದು ನಮ್ಮ ಸಭೆಗಳಲ್ಲಿ ಎಷ್ಟು ಜಗಳವಾಡಿದ್ದೇವೆ! ಡೋಲಕ್ಕೋ ಕೀಬೋರ್ಡೋ, ನೆಲವೋ ಬೆಂಚೋ, ಹಳೆಯ ಹಾಡೋ ಹೊಸದೋ. ನಾನೂ ಅದರಲ್ಲಿ ಜೋರಾಗಿ ವಾದಿಸಿದವಳೇ. ಆ ಬೋಳು ಗೋಡೆಗಳ ನಡುವೆ ಕುಳಿತಾಗ ನನಗೆ ಅನ್ನಿಸಿದ್ದು ಇಷ್ಟೇ: ಹಿಂದೆ ಉಳಿದವರಿಗಾಗಿ ಒಬ್ಬರಾದರೂ ಕಾಯದಿದ್ದರೆ, ಹಾಡು ಎಷ್ಟೇ ಚಂದವಿದ್ದರೂ ಅದು ನಮ್ಮ ಹಾಡು, ಆರಾಧನೆಯಲ್ಲ. ಇದನ್ನು ಯಾವ ಪಾಸ್ಟರೂ ಹೇಳಿದ್ದಲ್ಲ, ತಪ್ಪಿದ್ದರೆ ನನ್ನದೇ ತಪ್ಪು.

ಅಲ್ಲಿಯದೆಲ್ಲ ನನಗೆ ಒಪ್ಪಿತವಾಗಲಿಲ್ಲ. ಅವರ ಚರ್ಚಿನಲ್ಲಿ ಹೆಂಗಸರು ಮುಂದೆ ಹೇಳುವಂತಿಲ್ಲ. ಈ ಮಾತು ತಿಳಿದಾಗ ನನ್ನವ್ವನ ನೆನಪಾಗಿ ಸಿಟ್ಟು ಬಂತು. ಮರ್ಡೊಗೆ ನೇರವಾಗಿಯೇ ಹೇಳಿದೆ.

“ಅದು ಚರ್ಚಿನ ಪದ್ಧತಿ” ಎಂದ ಅವನು. “ನನ್ನ ಅಡಿಗೆಮನೆಯಲ್ಲಿ ಅಂಥ ಕಾನೂನಿಲ್ಲ. ನೀವು ಹೇಳಿ, ನಾನು ಹಿಂದೆ ಬರುತ್ತೇನೆ.”

ಹೊರಡುವ ಮುನ್ನಾದಿನ, ಸುನೀತಾಳ ಎದುರಿಗೆ, ನನ್ನವ್ವ ತಾನೇ ಕಟ್ಟಿದ ಹಾಡಿನ ಮೊದಲ ಸಾಲು ಹೇಳಿದೆ: “ಬಾಗಿಲ ತೆರದೀನಿ, ಬಾರೋ ತಂದಿ ಒಳಗ.” ಎಷ್ಟೋ ತಿಂಗಳ ಮೇಲೆ ನನ್ನ ಗಂಟಲಿನಿಂದ ಹೊರಟ ಹಾಡು. ಮರ್ಡೊ ಕಣ್ಣು ಮುಚ್ಚಿ ಅದನ್ನು ಎತ್ತಿಕೊಂಡ. ಅವನ ಬಾಯಲ್ಲಿ ಕನ್ನಡ ಗುರುತು ಸಿಗದಂತಾಯಿತು. ಬಾಗಿಲನ್ನು ಮೂರು ಕಡೆ ಮುರಿದ, ತಂದೆಯನ್ನು ಎಲ್ಲೋ ಬಿಟ್ಟ, ‘ಒಳಗ’ದ ಹತ್ತಿರ ಬಂದು ತಮ್ಮ ಕಡೆಯ ಅಲೆಯಂಥ ಒಂದು ಹೊರಳು ಹೊರಳಿಸಿದ. ಸುನೀತಾ ಬಾಯಿಗೆ ಕೈ ಅಡ್ಡ ಇಟ್ಟು ನಗು ತಡೆಯುತ್ತಿದ್ದಳು. ನಾನು ಕಾದೆ. ಅವನ ದನಿ ಪೂರ್ತಿ ಇಳಿದ ಮೇಲೆ ಎರಡನೆಯ ಸಾಲು ಎತ್ತಿದೆ. ಹಾಡು ಮುಗಿಯುವ ಹೊತ್ತಿಗೆ ಸುನೀತಾ ನಗುತ್ತಿರಲಿಲ್ಲ.

ಮತ್ತೆ ಜೇವರ್ಗಿ

ಊರಿಗೆ ಬಂದ ಮೇಲಿನ ಮೊದಲ ಭಾನುವಾರ ಗಂಡ ಕೇಳಿದರು, “ಕಲಬುರಗಿಗಿ ಹೋಗೂದೇನು?”

“ಕಲಬುರಗ್ಯಾಗ ಗುರುಬಾಯಿ ಇಲ್ಲಲ್ರಿ” ಎಂದೆ.

ಅವಳು ಕಟ್ಟೆಯ ಮೇಲೆಯೇ ಇದ್ದಳು, ಚಪ್ಪಲಿಗಳ ನಡುವೆ, ಸೆರಗು ಹೊದ್ದು. ನಾನು ಒಳಗೆ ಹೋಗದೆ ಪಕ್ಕದಲ್ಲಿ ಕುಳಿತೆ.

“ಬಂದೇನ್ ಬೇ ಕಮಲಾ? ಪರದೇಶದ ಮಂದಿ ಹ್ಯಾಂಗದಾರ?”

“ನಿನ್ನಂಗ ಅದಾರವ್ವಾ. ಹಾಡು ಮುಗಿಸಾಕ ಲೇಟು.”

ಒಳಗೆ ಕೀಬೋರ್ಡ್ ಶುರುವಾಯಿತು. ಗೋಡೆಯ ಮೇಲೆ ಅಕ್ಷರ ಮೂಡಿದವು. ತೆರೆದ ಬಾಗಿಲಿನಿಂದ ನನಗೆ ಕಾಣುತ್ತಿತ್ತು. ನಾನು ಸಾಲನ್ನು ಓದಿ ಗುರುಬಾಯಿಯ ಕಿವಿಯ ಹತ್ತಿರ ಮೆಲ್ಲಗೆ ಹೇಳಿದೆ. ಅವಳು ನನ್ನ ಮುಖ ನೋಡಿದಳು. ಆಮೇಲೆ ಹಾಡಿದಳು. ಮೆಲ್ಲಗೆ ಹಾಡುವುದು ಅವಳಿಗೆ ಯಾವ ಕಾಲಕ್ಕೂ ಗೊತ್ತಿರಲಿಲ್ಲ. ಅವಳ ಸಾಲು ಅರ್ಧಕ್ಕೆ ಬರುವಷ್ಟರಲ್ಲಿ ಒಳಗಿನವರು ಎರಡು ಸಾಲು ದಾಟಿದ್ದರು. ಬಾಗಿಲ ಹತ್ತಿರದ ಹೆಂಗಸರು ಹಿಂದೆ ಹೊರಳಿ ನೋಡಿದರು. ಒಬ್ಬಿಬ್ಬರು ಗೋಡೆ ಬಿಟ್ಟು ಗುರುಬಾಯಿಯ ಸಾಲನ್ನೇ ಹಾಡಿದರು. ಒಳಗೊಂದು ಹಾಡು, ಬಾಗಿಲಲ್ಲೊಂದು ಹಾಡು. ಕೀಬೋರ್ಡ್ ತಡವರಿಸಿ ನಿಂತಿತು.

ವಿಜಯ ಎದ್ದು ಹೊರಗೆ ಬಂದ. ಕಟ್ಟೆಯ ಮೇಲಿದ್ದ ಮುದುಕಿಯನ್ನು ಅವನು ಅದುವರೆಗೆ ಕಂಡೇ ಇರಲಿಲ್ಲ. ಅವನ ಬೆನ್ನು ಯಾವಾಗಲೂ ಬಾಗಿಲ ಕಡೆಗೆ. ಅವಳನ್ನು ನೋಡಿದ, ಒಳಗಿನ ಗೋಡೆಯನ್ನು ನೋಡಿದ. ಅವನ ಮುಖ ಸಣ್ಣದಾಯಿತು.

“ದೊಡ್ಡವ್ವಾ, ಇಲ್ಲಿ ಯಾಕ ಕುಂತಿ? ಒಳಗ ಬಾ” ಎಂದು ಅವಳ ಕೈ ಹಿಡಿದ. ನನ್ನ ಕಡೆ ತಿರುಗಿ, “ಅಕ್ಕಾರ, ನೀವೂ ಬರ್ರಿ. ಮುಂದ ಹೇಳ್ರಿ” ಎಂದ.

“ನಾ ಹೇಳ್ತೇನಿ. ನೀ ತಡೀತೀಯೇನಪಾ?”

“ಎಲ್ಲಿ ತನಕ ತಡೀಬೇಕ್ರಿ?”

“ಈಕಿ ದನಿ ಮುಗಿಯೂ ತನಕ.”

ಗುರುಬಾಯಿ ಮೊದಲ ಸಾಲಿನಲ್ಲಿ, ತನ್ನ ಹಳೆಯ ಜಾಗದಲ್ಲಿ ನಿಂತಳು. ನಾನು ಅವಳ ಪಕ್ಕದಲ್ಲೇ ನಿಂತೆ. ಪಾಸ್ಟರು ಕೈಗಡಿಯಾರ ನೋಡಿಕೊಳ್ಳಲು ಹೋಗಿ, ನೋಡದೆ ಕೈ ಇಳಿಸಿದರು. ಮೊದಲ ಸಾಲು ಹೇಳಿದೆ, ಮಂದಿಯೆಲ್ಲ ಎತ್ತಿಕೊಂಡರು, ಹಾಡಿದರು, ನಿಲ್ಲಿಸಿದರು. ಒಂದು ದನಿ ಮಾತ್ರ ಇನ್ನೂ ಇತ್ತು. ವಿಜಯ ತನ್ನ ಬೆರಳನ್ನು ಯಂತ್ರದ ಗುಂಡಿಯ ಮೇಲೆ ಎತ್ತಿ ಹಿಡಿದು, ಹಿಂದೆ ತಿರುಗಿ ಗುರುಬಾಯಿಯ ಬಾಯಿಯನ್ನೇ ನೋಡುತ್ತ ಕುಳಿತಿದ್ದ. ಅವಳು ಉಸಿರು ತೆಗೆದುಕೊಂಡು, ಸಾಲು ಮುಗಿಸಿ, ಸೆರಗು ಸರಿಮಾಡಿಕೊಂಡಳು. ಆಮೇಲೆ ಗೋಡೆಯ ಮೇಲಿನ ಅಕ್ಷರ ಬದಲಾಯಿತು.